ಸ್ಪೀಕರ್ ವೈರ್ ಉದ್ದ ಮಾಡಿಸಿದವರು ಅನುಭವ ಹೇಳಿ

ಬಸವನಹಳ್ಳಿ, ಚಿಕ್ಕಮಗಳೂರು:
ನಮಸ್ಕಾರ. ಅಪ್ಪನ ಮಂಚ ಹಾಲ್‌ಗೆ ತಂದಿದ್ರಿಂದ ಟಿವಿ, ಆಂಪ್ (ಆಂಪ್ಲಿಫೈಯರ್) ಎಲ್ಲಾ ಎದುರು ಗೋಡೆಗೆ ಹೋಯ್ತು. ಹಿಂದಿನ ಎರಡು ಸ್ಪೀಕರ್‌ಗೆ ಈಗ ವೈರ್ ಸಾಲ್ತಿಲ್ಲ. ಗೋಡೆ ಸುತ್ತಿಕೊಂಡು ಬಂದ್ರೆ ಒಂದೊಂದಕ್ಕೂ ಹನ್ನೆರಡು ಮೀಟರ್ ಬೇಕು, ಇರೋದು ಐದು. ಜಾಯಿಂಟ್ ಹಾಕ್ಲಾ, ಪೂರ್ತಿ ಹೊಸದು ಎಳೆಸ್ಲಾ?

ಸಕಲೇಶಪುರ ತೋಟದಮನೆ:
ಜಾಯಿಂಟ್ ಮಾತ್ರ ಬೇಡ ಮಾರಾಯ್ರೆ. ನಾನು ಹಾಕಿಸಿ ಅನುಭವಿಸಿದೀನಿ. ಹಂಚಿನ ಮನೆ, ಅಟ್ಟದಲ್ಲಿ ವೈರ್ ತಿರುಚಿ ಟೇಪ್ ಸುತ್ತಿ ಬಿಟ್ಟಿದ್ರು. ಎರಡು ಮಳೆಗಾಲ ಸುಮ್ಮನಿತ್ತು, ಮೂರನೇದ್ರಲ್ಲಿ ಬಲಗಡೆ ಸ್ಪೀಕರ್ ಕರಕರ ಅನ್ನೋಕೆ ಶುರು. ಸ್ಪೀಕರೇ ಹೋಯ್ತು ಅಂತ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಹಾಸನಕ್ಕೆ ಒಯ್ದೆ, ಬಿಚ್ಚಿ ನೋಡಿ ಏನೂ ಆಗಿಲ್ಲ ಅಂದು 850 ತಗೊಂಡ್ರು. ಆಮೇಲೆ ಆಂಪ್ ಕೊಟ್ಟೆ, ಒಳಗಿನ ಐಸಿ ಚಿಪ್ ಬದಲಾಯಿಸಿದೀವಿ ಅಂತ 2200. ಮನೆಗೆ ತಂದು ಹಾಕಿದ್ರೆ ಮತ್ತೆ ಅದೇ ಕರಕರ. ಗೌರಿ ಹಬ್ಬಕ್ಕೆ ಧೂಳು ಹೊಡೆಯೋಕೆ ಅಟ್ಟ ಹತ್ತಿದಾಗ ಟೇಪ್ ಬಿಚ್ಚಿದೆ, ಅಂಟು ಕರಗಿ ಜಾರ್ತಿತ್ತು, ಒಳಗೆ ತಾಮ್ರ ಹಸಿರಾಗಿ ಬೆರಳಿಗೆಲ್ಲ ಪುಡಿ ಅಂಟ್ತು. ಪೂಜೆ ಚೊಂಬಿಗೆ ಹಿಡಿಯೋ ಕಿಲುಬೇ ಅದು. ಕತ್ತರಿಸ್ತಾ ಹೋದ್ರೆ ಒಂದಡಿ ಒಳಗಿನವರೆಗೂ ಕಪ್ಪು. ಕೊನೆಗೆ ಹೊಸ ವೈರ್ 30 ಮೀಟರ್, 72ರ ಲೆಕ್ಕದಲ್ಲಿ 2160. ಒಟ್ಟು 5210 ರೂಪಾಯಿ, ಬಸ್ ಚಾರ್ಜ್ ಬಿಟ್ಟು. ಮೊದಲೇ ಹೊಸದು ಎಳೆಸಿದ್ರೆ ಅರ್ಧಕ್ಕಿಂತ ಕಮ್ಮೀಲಿ ಮುಗೀತಿತ್ತು.

ಅರಸೀಕೆರೆ:
ಅದು ಟೇಪ್‌ನ ತಪ್ಪು ಕಣ್ರೀ, ಜಾಯಿಂಟ್‌ದಲ್ಲ. ನನ್ನ ಜಾಯಿಂಟ್‌ಗೆ ಆರು ವರ್ಷ, ಇವತ್ತಿಗೂ ಬೆಳ್ಳಿ ಥರ ಇದೆ. ತಾಮ್ರ ಹೊಳೆಯೋವರೆಗೆ ಕೆರೆದು, ಬೆಸುಗೆ ಹಿಡಿಯೋಕೆ ಫ್ಲಕ್ಸ್ ಪೇಸ್ಟ್ ಹಚ್ಚಿ, ವೈರನ್ನೇ ಕಾಯಿಸಿ ಬೆಸುಗೆ ಸೀಸ ಅದರೊಳಗೆ ಹರಿಯೋ ಹಾಗೆ ಮಾಡ್ಬೇಕು, ಮೇಲೆ ಬೊಟ್ಟು ಇಟ್ರೆ ಅದು ಬೆಸುಗೆ ಅಲ್ಲ. ಮೇಲೆ ಬಿಸಿಗೆ ಕುಗ್ಗೋ ಪ್ಲಾಸ್ಟಿಕ್ ಸ್ಲೀವ್ ಹಾಕಿ ಬಿಸಿ ತೋರಿಸಿದ್ರೆ ಗಪ್ ಅಂತ ಹಿಡ್ಕೊಳುತ್ತೆ. ಎರಡು ಎಳೆ ಜಾಯಿಂಟ್ ಅಕ್ಕಪಕ್ಕ ಬರಬಾರದು, ಎರಡಿಂಚು ಹಿಂದೆಮುಂದೆ ಇರ್ಲಿ, ಎಲ್ಲಾದ್ರೂ ಒಂದಕ್ಕೊಂದು ತಾಗಿದ್ರೆ ಆಂಪ್ ಹೋಗ್ಬಹುದು. ನನಗೆ ಖರ್ಚಾಗಿದ್ದು 140 ರೂಪಾಯಿ.

ಸಕಲೇಶಪುರ ತೋಟದಮನೆ:
ನಿಮ್ಮ ಬಯಲುಸೀಮೇಲಿ ಯಾವ ಜಾಯಿಂಟ್ ಆದ್ರೂ ಇರುತ್ತೆ ಸರ್. ಜುಲೈನಲ್ಲಿ ನಮ್ಮನೆಗೆ ಬನ್ನಿ, ಒಗೆದ ಬಟ್ಟೆ ನಾಲ್ಕು ದಿನ ಆದ್ರೂ ಒಣಗಲ್ಲ, ಬೀರು ಒಳಗಿನ ಚಪ್ಪಲಿಗೂ ಬೂಷ್ಟು ಬರುತ್ತೆ.

ಹಾಸನ ವಿದ್ಯಾನಗರ:
ಜಾಯಿಂಟ್ ಜಗಳ ಆಮೇಲೆ ಆಡಿ, ಮೊದಲು ವೈರ್ ತಾಮ್ರನಾ ನೋಡಿ. ನನಗೆ 28 ರೂಪಾಯಿ ಮೀಟರ್ ಅಂತ ಅಂಗಡೀಲಿ ಕೊಟ್ಟಿದ್ದು ಮೇಲೆ ತಾಮ್ರದ ಲೇಪ, ಒಳಗೆ ಪೂರ್ತಿ ಅಲ್ಯೂಮಿನಿಯಂ. 40 ಮೀಟರ್ ತಗೊಂಡಿದ್ದೆ, 1120 ನೀರಿಗೆ ಹೋಯ್ತು. ಬ್ಲೇಡಲ್ಲಿ ಒಂದು ಎಳೆ ಕೆರೆದಾಗ ಒಳಗೆ ಬೆಳ್ಳಗೆ ಕಾಣ್ತು, ಎರಡು ಸಲ ಬಗ್ಗಿಸಿದ್ರೆ ಪಟ್ ಅಂತ ಮುರೀತು. ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡೋ ತಡೆ, ಓಮ್ ಲೆಕ್ಕ) ತಾಮ್ರದ ಒಂದೂವರೆ ಪಟ್ಟಿಗಿಂತ ಜಾಸ್ತಿ. 16 ಗೇಜ್ (ಗೇಜ್ ನಂಬರ್ ಕಮ್ಮಿ ಆದಷ್ಟೂ ವೈರ್ ದಪ್ಪ) ತಾಮ್ರ ಸಾವಿರ ಮೀಟರಿಗೆ ಸುಮಾರು 13 ಓಮ್. ಕರೆಂಟ್ ಹೋಗೋದು ಬರೋದು ಎರಡೂ ಎಣಿಸ್ಬೇಕು, 12 ಮೀಟರ್ ಅಂದ್ರೆ 24. ಅಲ್ಲಿಗೆ 0.3 ಓಮ್. ವೈರಿಂದು ಸ್ಪೀಕರಿನ ಓಮ್‌ನ ಶೇ 5 ದಾಟಬಾರದು. 8 ಓಮ್ ಸ್ಪೀಕರಿಗೆ ಶೇ 5 ಅಂದ್ರೆ 0.4, ನಡೆಯುತ್ತೆ. 4 ಓಮ್ ಆದ್ರೆ 0.2 ಕ್ಕೆ ನಿಲ್ಲಿಸ್ಬೇಕು, 14 ಗೇಜ್ ಬೇಕು. ಎಳೆಯೋ ಕೂಲಿ 1500 ಬೇರೆ ಕೊಟ್ಟೆ, ಅವನು ಹೋಗಿ ಲೈಟ್ ಪಾಯಿಂಟ್ ಪೈಪ್‌ನಲ್ಲೇ ತೂರಿಸಿದಾನೆ.

ಬೇಲೂರು ವೈರಿಂಗ್:
ನಾನೂ ಎಲೆಕ್ಟ್ರಿಷಿಯನ್ನೇ, 22 ವರ್ಷದಿಂದ. ಕರೆಂಟ್ ಪೈಪ್‌ನಲ್ಲಿ ಸ್ಪೀಕರ್ ವೈರ್ ಹಾಕಿದ್ದು ತಪ್ಪೇ, ಇನ್ಸುಲೇಶನ್ ಎಲ್ಲಾದ್ರೂ ತರಚಿದ್ರೆ 230 ವೋಲ್ಟ್ ಆಂಪ್‌ಗೆ ಬರುತ್ತೆ, ಮುಟ್ಟಿದವರ ಗತಿ ಏನು? ಆದ್ರೆ 1500 ಜಾಸ್ತಿ ಅನ್ನೋ ಹಾಗೆ ಬರೆದಿದೀರಲ್ಲ, ಏಣಿ ಮೇಲೆ ದಿನ ಪೂರ್ತಿ ಕತ್ತೆತ್ತಿ ನಿಂತವನಿಗೆ ಅದು ಜಾಸ್ತಿನಾ? ನನ್ನ ಮನೇಲಿ ಹೌಸ್ ವೈರಿಂಗ್‌ನ ಒಂದೂವರೆ ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ವೈರೇ ಹಾಕಿರೋದು, ನಿಮ್ಮ 16 ಗೇಜಿಗಿಂತ ಒಂದು ಕೂದಲು ದಪ್ಪನೇ.

ಹಾಸನ ವಿದ್ಯಾನಗರ:
ಜಾಸ್ತಿ ಅಂತ ನಾನು ಎಲ್ಲೂ ಬರೆದಿಲ್ಲ. ಸರಿಯಾಗಿ ಓದಿ ಆಮೇಲೆ ಮಾತಾಡಿ.

ಬೇಲೂರು ವೈರಿಂಗ್:
'ಬೇರೆ ಕೊಟ್ಟೆ' ಅಂದ್ರೆ ಏನು ಮತ್ತೆ? ಸ್ಪೀಕರ್‌ಗೆ 20 ಸಾವಿರ ಚೌಕಾಸಿ ಇಲ್ದೆ ಕೊಡ್ತೀರ, ಕೂಲಿ ಕೇಳಿದ್ರೆ ಮುಖ ತಿರುಗಿಸ್ತೀರ.

ಮೂಡಿಗೆರೆ:
ಕೂಲಿ ಮಾತು ಬಿಡಿ ಅಣ್ಣ. ಪ್ಲಸ್ ಮೈನಸ್ ಯಾರೂ ಹೇಳಲೇ ಇಲ್ಲ. ನಾನು ಉದ್ದ ಮಾಡ್ಕೊಂಡಾಗ ಹಳೇ ವೈರಲ್ಲಿ ಗೆರೆ ಇರೋ ಕಡೆ ಪ್ಲಸ್, ಹೊಸದ್ರಲ್ಲಿ ಕೆಂಪು. ಎಡಗಡೆದು ಜಾಯಿಂಟಲ್ಲಿ ಅದಲುಬದಲು ಆಯ್ತು. ಎರಡೂ ಸ್ಪೀಕರ್ ಹಾಡ್ತಿದ್ವು ಆದ್ರೆ ಡೋಲಿನ ಪೆಟ್ಟೇ ಮಾಯ, ನಡುವೆ ಕೂತ್ರೆ ದನಿ ಎಲ್ಲಿಂದ ಬರ್ತಿದೆ ಗೊತ್ತಾಗ್ತಿರಲಿಲ್ಲ. ಎಂಟು ತಿಂಗಳು ಹಾಗೇ ಕೇಳಿದೆ, ಬಾಸ್ ಸದ್ದಿಗೆ ಅಂತ ಸಬ್ ವೂಫರ್ ತಗೊಳಕ್ಕೆ 9 ಸಾವಿರ ಎತ್ತಿಟ್ಟಿದ್ದೆ. ಕೊನೆಗೆ ಆಂಪ್ ತುದಿಯಿಂದ ವೈರ್ ಬಿಚ್ಚಿ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿದೆ, ಬಲಗಡೆ ಸ್ಪೀಕರಿನ ಅದುರೋ ಕೋನ್ ಹೊರಗೆ ಬಂತು, ಎಡಗಡೆದು ಒಳಗೆ ಹೋಯ್ತು. ತಿರುಗಿಸಿ ಹಾಕಿ ಹಚ್ಚಿದಾಗ ಕಿಟಕಿ ಗಾಜು ಅದುರ್ತು. 9 ಸಾವಿರ ಉಳೀತು.

ಅರಸೀಕೆರೆ:
ಇದೂ ಜಾಯಿಂಟ್ ತಪ್ಪಲ್ಲ, ಹಾಕಿದವರ ತಪ್ಪು.

ಸಕಲೇಶಪುರ ತೋಟದಮನೆ:
ಜಾಯಿಂಟೇ ಇಲ್ದಿದ್ರೆ ಜಾಯಿಂಟಲ್ಲಿ ತಪ್ಪು ಎಲ್ಲಿಂದ ಬರ್ತಿತ್ತು ಹೇಳಿ?

ಬಸವನಹಳ್ಳಿ, ಚಿಕ್ಕಮಗಳೂರು:
ನಮ್ದು ಸ್ಪೀಕರ್ ಹಿಂದೆ 4 ಓಮ್ ಅಂತ ಬರೆದಿದೆ. ಈಗಿರೋ ವೈರ್ ದಾರದ ಹಾಗೆ ತೆಳ್ಳಗಿದೆ. 14 ಗೇಜ್ ತಾಮ್ರದ್ದೇ 26 ಮೀಟರ್ ತರ್ತೀನಿ, ಅಂಗಡೀಲೇ ಬ್ಲೇಡಲ್ಲಿ ಕೆರೆದು ನೋಡ್ತೀನಿ. ಗೋಡೆ ಒಡೆಯಲ್ಲ, ಅಪ್ಪನಿಗೆ ಧೂಳು ಆಗಲ್ಲ, ಗೋಡೆ ಮೇಲೆ ವೈರ್ ಮುಚ್ಚೋ ಕೇಸಿಂಗ್ ಪಟ್ಟಿ ಹೊಡೆಸ್ತೀನಿ.

ಅರಸೀಕೆರೆ:
ಒಳ್ಳೇದು ತನ್ನಿ. ಭಾನುವಾರ ಸ್ಲೀವ್ ಕತ್ತರಿಸಿ ನನ್ನ ಜಾಯಿಂಟ್ ಫೋಟೊ ಹಾಕ್ತೀನಿ, ಸಕಲೇಶಪುರದವರು ಅದರಲ್ಲಿ ಕಿಲುಬು ತೋರಿಸ್ಲಿ.