ಅಪ್‌ಡೇಟ್: ಡೈವಿಂಗ್‌ಗೆ ಮುಖ್ಯ ಟಾರ್ಚ್ ಕೊನೆಗೂ ಆಯ್ಕೆಯಾಯ್ತು

ರಾತ್ರಿ ಡೈವ್‌ಗೆ ಮುಖ್ಯ ಎಲ್‌ಇಡಿ ಟಾರ್ಚ್ ಯಾವುದು ತಗೊಳ್ಳಲಿ, ಲುಮೆನ್ (ಟಾರ್ಚ್ ಕೊಡೋ ಒಟ್ಟು ಬೆಳಕಿನ ಅಳತೆ) ಜಾಸ್ತಿ ಇದ್ದಷ್ಟೂ ಒಳ್ಳೇದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಲುಮೆನ್‌ಗಿಂತ ಮೊದಲು ಬೀಮ್, ಅಂದ್ರೆ ಬೆಳಕು ಎಷ್ಟು ಅಗಲಕ್ಕೆ ಹರಡುತ್ತೆ ಅನ್ನೋದನ್ನ ನೋಡಿ ಅಂದವರ ಮಾತೇ ನಿಜವಾಯ್ತು.

ಎರಡು ಥರದ್ದನ್ನೂ ಎರವಲು ತಂದು ನೀರಲ್ಲೇ ಹೋಲಿಸಿದೆ. 120 ಡಿಗ್ರಿ ಅಗಲದ ವಿಡಿಯೋ ಲೈಟ್ ದಡದಲ್ಲಿ ಭರ್ಜರಿ. ಕದಡಿದ ನೀರಿಗಿಳಿದರೆ ತೇಲೋ ಕಣಗಳೆಲ್ಲ ಬೆಳಗಿ, ಕಣ್ಣೆದುರು ಬಿಳಿ ಪರದೆ ಕಟ್ಟಿದ ಹಾಗೆ. 8 ಡಿಗ್ರಿ ಬೀಮ್‌ನ 1000 ಲುಮೆನ್ ಟಾರ್ಚ್ ಅದನ್ನ ಸೀಳ್ಕೊಂಡು ಹೋಗಿ, ಬಂಡೆ ಸಂದಿಯಲ್ಲಿದ್ದ ಸಿಗಡಿಯ ಮೀಸೆಯನ್ನೂ ತೋರಿಸ್ತು. ಜೊತೆಗಾರರಿಗೆ ಸಿಗ್ನಲ್ ಕೊಡೋಕೂ ಅದೇ ಸರಿ. ತಳದ ಮೇಲೆ ಬೆಳಕಲ್ಲಿ ವೃತ್ತ ಬರೆದರೆ ‘ಓಕೆ’ ಅಂತ ಸ್ಪಷ್ಟವಾಗಿ ಕಾಣುತ್ತೆ. ಅದನ್ನೇ ತಗೊಂಡೆ, 21700 ಅನ್ನೋ ಸೈಜಿನ ರೀಚಾರ್ಜ್ ಬ್ಯಾಟರಿಯದ್ದು.

ಬಾಕ್ಸ್ ಮೇಲಿನ ಬರ್ನ್ ಟೈಮ್ (ಒಂದು ಚಾರ್ಜ್‌ಗೆ ಉರಿಯೋ ಹೊತ್ತು) ಕಣ್ಮುಚ್ಚಿ ನಂಬಬೇಡಿ. ಫುಲ್ ಬ್ರೈಟ್‌ನೆಸ್ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಬಕೆಟ್ ನೀರಲ್ಲಿಟ್ಟು ನೋಡಿ. ಹೊರಗೆ ಉರಿಸಿದರೆ ಬಿಸಿಯಾಗಿ ತಾನೇ ಮಂದವಾಗುತ್ತೆ, ಲೆಕ್ಕ ಸಿಗಲ್ಲ. ಬ್ಯಾಟರಿ ಹಾಕುವಾಗ ಓ-ರಿಂಗ್ (ನೀರು ಒಳಗೆ ಬರದಂತೆ ತಡೆಯೋ ರಬ್ಬರ್ ಬಳೆ) ಮೇಲೆ ಒಂದು ಕೂದಲೂ ಇರಬಾರದು. ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದರೆ ಸಾಕು.

ಹಳೇ ಟಾರ್ಚ್ ಬ್ಯಾಕಪ್‌ಗೆ. ಗುಡ್‌ಮ್ಯಾನ್ ಹ್ಯಾಂಡಲ್ (ಟಾರ್ಚನ್ನ ಅಂಗೈ ಹಿಂಭಾಗದಲ್ಲಿ ಕೂರಿಸೋ ಹಿಡಿ) ಬೇಕಾ ಬೇಡ್ವಾ ಅಂತ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ, ಬಳಸಿದವರು ಹೇಳಿ.