ಚಳಿಗಾಲಕ್ಕೆ ನಿಲ್ಲಿಸಿದ ಕ್ಯಾಂಪರ್‌ನಲ್ಲಿ ಬೂಷ್ಟು: ಮುಚ್ಚಿಡಬೇಕಾ, ತೆರೆದಿಡಬೇಕಾ?

ಪ್ರಶ್ನೆ: ಕಳೆದ ಚಳಿಗಾಲದಲ್ಲಿ ನಾಲ್ಕು ತಿಂಗಳು ಕ್ಯಾಂಪರ್ (ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಪ್ರವಾಸದ ಗಾಡಿ) ನಿಲ್ಲಿಸಿದ್ದೆ. ಮಳೆ, ಹಿಮ ಒಳಗೆ ಬರಬಾರದು ಅಂತ ಕಿಟಕಿ, ವೆಂಟ್ (ಗಾಳಿಕಿಂಡಿ) ಎಲ್ಲ ಮುಚ್ಚಿ, ಮೇಲೆ ದಪ್ಪ ಪ್ಲಾಸ್ಟಿಕ್ ಟಾರ್ಪಾಲು ಬಿಗಿಯಾಗಿ ಕಟ್ಟಿದ್ದೆ. ತೇವ ಹೀರುವ ಡಬ್ಬಿ ಮೂರು ಇಟ್ಟಿದ್ದೆ. ಆದರೂ ಬಾಗಿಲು ತೆಗೆದಾಗ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಹಾಸಿಗೆ ಅಡಿಯಲ್ಲಿ, ಕಪಾಟಿನ ಮೂಲೆಯಲ್ಲಿ ಕಪ್ಪು ಚುಕ್ಕಿ. ಎಲ್ಲೂ ಸೋರಿದ ಗುರುತಿಲ್ಲ. ತಪ್ಪಿದ್ದೆಲ್ಲಿ?

ಉತ್ತರ: ಆ ಟಾರ್ಪಾಲಿನಲ್ಲಿ. ಹೊರಗಿನ ನೀರನ್ನು ಚೆನ್ನಾಗಿಯೇ ತಡೆದಿದ್ದೀರಿ, ಒಳಗಿನ ನೀರಿಗೂ ದಾರಿ ಕಟ್ಟಿಬಿಟ್ಟಿರಿ. ಚಳಿಗಾಲ ಕಳೆದ ಮೇಲೆ ನನ್ನ ಹತ್ತಿರ ರಿಪೇರಿಗೆ ಬರುವ ಗಾಡಿಗಳಲ್ಲಿ ಈ ಕಥೆ ಮಾಮೂಲು.

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. 5 ಡಿಗ್ರಿಗೆ ಇಳಿದರೆ 7 ಗ್ರಾಂ ಕೂಡ ಹಿಡಿಸುವುದಿಲ್ಲ. ಮಿಕ್ಕಿದ್ದು ಎಲ್ಲಿಗೆ ಹೋಗಬೇಕು? ಕಿಟಕಿಯ ಗಾಜು, ಅಲ್ಯೂಮಿನಿಯಂ ಚೌಕಟ್ಟು, ಹೊರಗೋಡೆಗೆ ಅಂಟಿದ ಕಪಾಟಿನ ಹಿಂಭಾಗ, ಹೀಗೆ ಎಲ್ಲಿ ತಣ್ಣಗಿದೆಯೋ ಅಲ್ಲಿ ಹನಿಯಾಗಿ ಕೂರುತ್ತದೆ. ಬಿಸಿಲು ಬಂದರೆ ಆವಿ, ರಾತ್ರಿಯಾದರೆ ಮತ್ತೆ ಹನಿ. ಅದೇ ನೀರು ತಿಂಗಳುಗಟ್ಟಲೆ ಒಳಗೇ ಸುತ್ತುತ್ತಿರುತ್ತದೆ. ಹಾಸಿಗೆ, ಪರದೆ, ಪ್ಲೈವುಡ್ ಎಲ್ಲ ಅದನ್ನು ಕುಡಿದು ಕೂತಿರುತ್ತವೆ. ಬೂಷ್ಟಿಗೆ ಇನ್ನೇನು ಬೇಕು?

ಈ ಸಲ ಆ ಟಾರ್ಪಾಲು ಬೇಡ. ಹೊದಿಸಲೇಬೇಕು ಅಂತಿದ್ದರೆ ಗಾಳಿಯಾಡುವ ಬಟ್ಟೆಯ ಕವರ್ ಹಾಕಿ. ಚಾವಣಿಯ ವೆಂಟ್ ಒಂದು ಬೆರಳಿನಷ್ಟು ತೆರೆದಿರಲಿ. ಮಳೆ ಒಳಗೆ ಬರದ ಹಾಗೆ ಅದರ ಮೇಲೆ ವೆಂಟ್ ಕವರ್ ಇರಬೇಕು. ಸೋರಿದ ಗ್ಯಾಸ್ ಹೊರಹೋಗಲೆಂದು ನೆಲದಲ್ಲಿರುವ ಗ್ಯಾಸ್ ವೆಂಟ್‌ಗಳನ್ನು ಯಾವತ್ತೂ ಮುಚ್ಚಬೇಡಿ. ಇಲಿ ಭಯ ಇದ್ದರೆ ಸಣ್ಣ ಜಾಲರಿ ಹಾಕಿ, ಬಟ್ಟೆ ತುರುಕಬೇಡಿ.

ಹಾಸಿಗೆ, ದಿಂಬುಗಳನ್ನು ಮನೆಗೆ ಒಯ್ಯುವುದೇ ಒಳ್ಳೆಯದು. ಜಾಗ ಇಲ್ಲದಿದ್ದರೆ ಗೋಡೆಯಿಂದ ದೂರ, ಅಂಚಿನ ಮೇಲೆ ನಿಲ್ಲಿಸಿ. ಕಪಾಟು, ಡ್ರಾಯರ್, ಫ್ರಿಜ್, ಓವನ್ ಬಾಗಿಲು ಎಲ್ಲ ತೆರೆದಿಡಿ. ಫ್ರಿಜ್ ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ಮಧ್ಯೆ ಒಂದು ಟವೆಲ್ ಸಿಕ್ಕಿಸಿ. ನೀರಿನ ಟ್ಯಾಂಕ್, ಗೀಸರ್, ಪಂಪ್ ಎಲ್ಲ ಖಾಲಿ ಮಾಡಿ, ನಲ್ಲಿಗಳನ್ನು ತೆರೆದೇ ಬಿಡಿ. ಉಳಿದ ನೀರು ಹೆಪ್ಪುಗಟ್ಟಿದರೆ ಪೈಪು ಒಡೆಯುತ್ತದೆ, ಆಮೇಲೆ ಬೂಷ್ಟಿನ ಮಾತು ಹಾಗಿರಲಿ.

ಪ್ರಶ್ನೆ: ಹಾಗಾದರೆ ತೇವ ಹೀರುವ ಡಬ್ಬಿಗಳು ಸುಮ್ನೆ ದಂಡವಾ? ನನ್ನ ಮೂರೂ ಡಬ್ಬಿ ತುಂಬಿದ್ದವು!

ಉತ್ತರ: ತುಂಬುತ್ತವೆ, ಅದನ್ನು ನೋಡಿದರೆ ಖುಷಿಯೂ ಆಗುತ್ತದೆ. ಆದರೆ ಅವು ಪುಟ್ಟ ಮುಚ್ಚಿದ ಜಾಗಕ್ಕೆ ಸರಿ. ವೆಂಟ್ ತೆರೆದಿಟ್ಟು ಡಬ್ಬಿ ಇಟ್ಟರೆ ನೀವು ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟ ಹಾಗೆ. ಡಬ್ಬಿ ತುಂಬಿದ ಮೇಲೆ ಬದಲಿಸುವವರಿಲ್ಲದಿದ್ದರೆ ಅದು ಸುಮ್ನೆ ನಿಂತ ನೀರು. ಅದರಲ್ಲಿರುವ ಕ್ಯಾಲ್ಸಿಯಂ ಕ್ಲೋರೈಡ್ ಕರಗಿದ ಉಪ್ಪುನೀರು ಚೆಲ್ಲಿದರೆ ಲೋಹ ತುಕ್ಕು ಹಿಡಿಯುತ್ತದೆ. ಇಡಲೇಬೇಕಾದರೆ ಅಗಲ ಬೇಸಿನ್ನಿನೊಳಗೆ ಇಡಿ.

ಕರೆಂಟ್ ಇದ್ದರೆ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಹಾಕಬಹುದು. ಆಗ ಮೇಲಿನ ವೆಂಟ್, ಕಿಟಕಿ ಮುಚ್ಚಿ, ನೆಲದ ಗ್ಯಾಸ್ ವೆಂಟ್ ಮಾತ್ರ ಹಾಗೆಯೇ ಇರಲಿ. ಸಾಮಾನ್ಯ ಕಂಪ್ರೆಸರ್ ಮಾದರಿ ಥಂಡಿಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ತೇವ ಹೀರುವ ವಸ್ತು ಬಳಸುವ ಡೆಸಿಕೆಂಟ್ ಮಾದರಿ ತಗೊಳ್ಳಿ. ಕರೆಂಟ್ ಇಲ್ಲದ ಕಡೆ ನಾನಂತೂ ಗಾಳಿಯನ್ನೇ ನಂಬುವವನು. ಜೊತೆಗೆ ಒಂದು ತೇವಮಾಪಕ ಇಡಿ. ತೇವಾಂಶ 60 ಶೇಕಡದ ಒಳಗಿದ್ದರೆ ನೆಮ್ಮದಿ. 70 ದಾಟಿ ಅಲ್ಲೇ ನಿಂತರೆ ಬೂಷ್ಟು ದೂರವಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಾನು ವಾರಕ್ಕೊಮ್ಮೆ ಹೋಗಿ ಗ್ಯಾಸ್ ಒಲೆ ಹಚ್ಚಿ ಒಳಗೆ ಬಿಸಿ ಮಾಡುತ್ತೇನೆ. ಒಣಗುತ್ತದೆ ಅಲ್ವಾ?

ಉತ್ತರ: ದಯವಿಟ್ಟು ನಿಲ್ಲಿಸಿ! ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಒಲೆಯ ಹೊಗೆ ಹೊರಗೆ ಹೋಗಲು ಕೊಳವೆ ಇಲ್ಲ, ಹಾಗಾಗಿ ಅಷ್ಟೂ ಒಳಗೇ ಉಳಿಯುತ್ತದೆ. ಅದಕ್ಕಿಂತ ದೊಡ್ಡದು ಕಾರ್ಬನ್ ಮಾನಾಕ್ಸೈಡ್ ಅಪಾಯ. ಹೋದಾಗ ಒಣ ದಿನ ನೋಡಿ ಬಾಗಿಲು, ಕಿಟಕಿ ಪೂರ್ತಿ ತೆಗೆದು ಒಂದೆರಡು ಗಂಟೆ ಬಿಡಿ, ಸಾಕು. ಮಂಜು ಕವಿದ ದಿನ ಹೋಗಬೇಡಿ.

ಪ್ರಶ್ನೆ: ಸೋರಿಕೆಯೋ, ಒಳಗಿನ ತೇವವೋ ಅಂತ ಗೊತ್ತಾಗುವುದು ಹೇಗೆ? ನನ್ನ ಕಿಟಕಿ ಕೆಳಗೆ ಒಂದೇ ಕಡೆ ಕಲೆ ಇದೆ.

ಉತ್ತರ: ಒಂದೇ ಕಡೆ ಅಂದರೆ ನನಗೆ ಸೋರಿಕೆಯದೇ ಅನುಮಾನ. ಒಳಗಿನ ತೇವ ತಣ್ಣಗಿರುವ ಜಾಗಗಳಲ್ಲೆಲ್ಲ ಹರಡಿಕೊಳ್ಳುತ್ತದೆ. ಆ ಗೋಡೆಯನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಮೆತ್ತಗಾಗಿದ್ದರೆ ಒಳಗಿನ ಮರ ಕೊಳೆಯಲು ಶುರುವಾಗಿದೆ. ಮರದ ತೇವ ನೋಡುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಅದೇ ಗೋಡೆಯ ಒಣ ಜಾಗದಲ್ಲಿ ಒಮ್ಮೆ, ಕಲೆಯ ಹತ್ತಿರ ಒಮ್ಮೆ ಅಳೆದು ಹೋಲಿಸಿ. 20 ಶೇಕಡದ ಮೇಲೆ ತೋರಿಸಿದರೆ ನಿರ್ಲಕ್ಷ್ಯ ಮಾಡಬೇಡಿ. ನೀರು ಒಳಬರುವ ಜಾಗ ಕಲೆಯ ಮೇಲೇ ಇರಬೇಕೆಂದಿಲ್ಲ. ಚಾವಣಿಯ ಅಂಚಿನಲ್ಲಿ ನುಗ್ಗಿ, ಗೋಡೆಯೊಳಗೇ ಇಳಿದು, ಕಿಟಕಿ ಹತ್ತಿರ ಮುಖ ತೋರಿಸುತ್ತದೆ. ಸಂದುಗಳಿಗೆ ಹಚ್ಚುವ ಸೀಲಂಟ್ ಒಣಗಿ ಬಿರುಕು ಬಿಟ್ಟಿರುವ ಜಾಗವನ್ನು ಚಳಿಗಾಲಕ್ಕೆ ಮುಂಚೆಯೇ ಹುಡುಕಿ. ಹಳೆಯದನ್ನು ಕೆರೆದು ತೆಗೆದು, ಪೂರ್ತಿ ಒಣಗಿಸಿ, ಆಮೇಲೆ ಹೊಸದು ಹಾಕಿ. ಹಸಿ ಮರದ ಮೇಲೆ ಸೀಲ್ ಮಾಡಿದರೆ ನೀರನ್ನು ಒಳಗೇ ಕೂಡಿಹಾಕಿದ ಹಾಗೆ.

ಪ್ರಶ್ನೆ (ಮೊದಲು ಕೇಳಿದವರು): ಈಗಾಗಲೇ ಬಂದಿರುವ ಚುಕ್ಕಿಗಳಿಗೆ ಬ್ಲೀಚ್ ಹಾಕಲಾ?

ಉತ್ತರ: ಮರಕ್ಕೆ ಬೇಡ. ಮೇಲಿನ ಬಣ್ಣ ಹೋಗುತ್ತದೆ, ಒಳಗಿನ ಬೇರು ಉಳಿಯುತ್ತದೆ. ಮಾಸ್ಕ್, ಕೈಗವಸು ಹಾಕಿಕೊಂಡು ಡಿಟರ್ಜೆಂಟ್ ನೀರಿನ ಒದ್ದೆ ಬಟ್ಟೆಯಿಂದ ಒರೆಸಿ. ಒಣ ಬ್ರಷ್‌ನಿಂದ ಉಜ್ಜಿದರೆ ಬೀಜಕಣಗಳು ಗಾಡಿ ತುಂಬ ಹಾರುತ್ತವೆ. ಆಮೇಲೆ ಫ್ಯಾನ್ ಹಾಕಿ ಚೆನ್ನಾಗಿ ಒಣಗಿಸಿ. ಹಾಸಿಗೆಯ ಹೊದಿಕೆ ಮಾತ್ರ ಹಾಳಾಗಿದ್ದರೆ ಒಗೆಯಿರಿ. ಫೋಮ್ ಒಳಗೇ ಕಪ್ಪಾಗಿದ್ದರೆ ಅದರ ಮೇಲೆ ಪ್ರೀತಿ ಬೇಡ, ಎಸೆದುಬಿಡಿ.