ಹಕ್ಕಿಗಳಿಗೆ ಮೂತ್ರವೇ ಇಲ್ಲವೇ? ಕೊಕ್ಕರೆ ಬೆಳ್ಳೂರಿನಲ್ಲಿ ಹುಟ್ಟಿದ ಸಂದೇಹ

ಪ್ರಶ್ನೆ (ಮಂಡ್ಯದ ಪೋಷಕ):
ಕಳೆದ ಫೆಬ್ರುವರಿಯಲ್ಲಿ ಮಗಳೊಂದಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿದ್ದ ಮರಗಳ ಎಲೆ, ಕೊಂಬೆ, ಕೆಳಗಿನ ನೆಲ ಎಲ್ಲವೂ ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಕೊಟ್ಟಿಗೆಯಲ್ಲಿ ಹಸು ಗಂಜಲ ಹುಯ್ಯುವುದನ್ನು ದಿನವೂ ಕಾಣುವ ಮಗಳು, ಹಕ್ಕಿಗಳೂ ನೀರು ಕುಡಿಯುತ್ತವಲ್ಲ, ಅವುಗಳ ಮೂತ್ರ ಎಲ್ಲಿ ಹೋಗುತ್ತದೆ ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಬಲ್ಲವರು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ (ಮೈಸೂರಿನ ಜೀವಶಾಸ್ತ್ರ ಉಪನ್ಯಾಸಕಿ):
ನೀವು ಕಂಡ ಆ ಬಿಳುಪೇ ಹಕ್ಕಿಯ ಮೂತ್ರ. ಹಿಕ್ಕೆಯ ಕಪ್ಪು ಭಾಗ ಮಲ, ಬಿಳಿಯ ಭಾಗ ಯೂರಿಕ್ ಆಮ್ಲ; ಗೋಡೆಯ ಹಲ್ಲಿಯ ಹಿಕ್ಕೆಯ ತುದಿಯಲ್ಲಿರುವ ಬಿಳಿ ಚುಕ್ಕೆಯೂ ಅದೇ ವಸ್ತು. ದೇಹವು ಪ್ರೋಟೀನನ್ನು ಬಳಸಿಕೊಂಡಾಗ ಉಳಿಯುವ ಸಾರಜನಕ ಮೊದಲು ಅಮೋನಿಯವಾಗುತ್ತದೆ, ಅದು ವಿಷ. ಒಂದು ಗ್ರಾಂ ಸಾರಜನಕವನ್ನು ಅಮೋನಿಯವಾಗಿಯೇ ಹೊರಹಾಕಲು ಸುಮಾರು 500 ಮಿಲಿಲೀಟರ್ ನೀರು ಬೇಕು. ಕಾವೇರಿಯ ಮೀನಿಗೆ ಅದು ಚಿಂತೆಯ ಮಾತಲ್ಲ, ಕಿವಿರುಗಳ ಮೂಲಕ ಹೊಳೆಗೇ ಬಿಟ್ಟುಬಿಡುತ್ತದೆ. ಹಸುವೂ ನಾವೂ ಯಕೃತ್ತಿನಲ್ಲಿ ಅದನ್ನು ಯೂರಿಯವಾಗಿ ಬದಲಿಸುವುದರಿಂದ 50 ಮಿಲಿಲೀಟರ್ ಸಾಕಾಗುತ್ತದೆ; ಯೂರಿಕ್ ಆಮ್ಲಕ್ಕಾದರೆ ಸುಮಾರು 10. ಅದನ್ನು ತಯಾರಿಸಲು ಶಕ್ತಿ ಹೆಚ್ಚು ಖರ್ಚಾದರೂ ನೀರು ಉಳಿಯುತ್ತದೆ. ಕೊಕ್ಕರೆಗೆ ಮೂತ್ರಕೋಶವಿಲ್ಲ, ಮಲಕ್ಕೂ ಮೂತ್ರಕ್ಕೂ ದ್ವಾರ ಒಂದೇ, ಅಲ್ಲಿಗೆ ಬಂದ ಮೂತ್ರ ಕರುಳಿನೊಳಕ್ಕೆ ಹಿಂದೆ ಸರಿದು ಇನ್ನಷ್ಟು ನೀರನ್ನು ದೇಹಕ್ಕೆ ಮರಳಿಸುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಸೊಗಸಾದ ವಿಷಯವೆಂದರೆ ಮೊಟ್ಟೆ: ಚಿಪ್ಪಿನೊಳಗಿನ ಮರಿಗೆ ಕಶ್ಮಲವನ್ನು ಹೊರಗೆ ಚೆಲ್ಲುವ ದಾರಿಯಿಲ್ಲ, ಆದರೆ ಕರಗದೆ ಹರಳಾಗಿ ಪಕ್ಕದಲ್ಲಿ ಕೂರುವ ಯೂರಿಕ್ ಆಮ್ಲ ಅದಕ್ಕೆ ತೊಂದರೆ ಕೊಡುವುದಿಲ್ಲ.

ಉತ್ತರ (ಮದ್ದೂರು ಕಡೆಯ ರೈತ):
ಆ ಊರಿನವರು ಮರಗಳ ಕೆಳಗೆ ಗುಂಡಿ ತೋಡಿ, ಕೆರೆಯ ಗೋಡು ತುಂಬಿ, ಬೀಳುವ ಹಿಕ್ಕೆಯನ್ನು ಅದರಲ್ಲಿ ಬೆರೆಸಿ ಗೊಬ್ಬರ ಮಾಡಿಕೊಳ್ಳುತ್ತಾರೆ. ಮೇಡಂ ಹೇಳಿದ ಸಾರಜನಕದ ಜೊತೆಗೆ ಅದರಲ್ಲಿ ರಂಜಕವೂ ಇರುತ್ತದೆ. ಹಸಿಯಾಗಿಯೇ ಎಳೆಯ ಪೈರಿಗೆ ಹಾಕಿದರೆ ಮಾತ್ರ ಬುಡ ಸುಡುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನೀರಿನಲ್ಲೇ ಇರುವ ಮೀನು ನೀರು ಕುಡಿಯುತ್ತದೆಯೇ ಎಂಬುದು ಮಗಳ ಮುಂದಿನ ಪ್ರಶ್ನೆ.

ಉತ್ತರ (ಉಪನ್ಯಾಸಕಿ):
ಹೊಳೆಯ ಮೀನು ಕುಡಿಯುವುದೇ ಇಲ್ಲವೆನ್ನಬಹುದು. ಅದರ ರಕ್ತ ಹೊಳೆಯ ನೀರಿಗಿಂತ ಉಪ್ಪಾಗಿರುವುದರಿಂದ ನೀರು ತಾನಾಗಿಯೇ ಒಳನುಗ್ಗುತ್ತದೆ. ಅದನ್ನು ತೆಳು ಮೂತ್ರವಾಗಿ ಸದಾ ಹೊರಹಾಕುತ್ತ, ಕಳೆದುಹೋಗುವ ಉಪ್ಪನ್ನು ಕಿವಿರಿನಿಂದ ಹೀರಿಕೊಳ್ಳುತ್ತದೆ. ನಿಮ್ಮ ಮಾರುಕಟ್ಟೆಗೆ ಮಂಗಳೂರಿನಿಂದ ಬರುವ ಬಂಗುಡೆಯ ಕಥೆ ಇದಕ್ಕೆ ತದ್ವಿರುದ್ಧ. ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರದೂಡುತ್ತದೆ. ಗದ್ದೆಯ ಕಪ್ಪೆಯನ್ನೂ ಮಗಳಿಗೆ ತೋರಿಸಿ: ಗೊದಮೊಟ್ಟೆಯಾಗಿದ್ದಾಗ ಅಮೋನಿಯ ಬಿಡುತ್ತಿದ್ದ ಅದು ನೆಲಕ್ಕೆ ಬಂದ ಮೇಲೆ ಯೂರಿಯಕ್ಕೆ ಬದಲಾಗುತ್ತದೆ. ಕೈಗೆತ್ತಿಕೊಂಡೊಡನೆ ಅದು ಚಿಮ್ಮಿಸುವ ದ್ರವ ಬಹುಪಾಲು ನೀರೇ, ಬೇಸಿಗೆಗೆಂದು ಮೂತ್ರಕೋಶದಲ್ಲಿ ಕೂಡಿಟ್ಟುಕೊಂಡದ್ದು.